ಸ್ಟೆಂಟ್ ಹಾಕಿಸಿಕೊಂಡು ಒಂದು ವರ್ಷ: ಕಾಗದಪತ್ರ, ಪಥ್ಯ ಮತ್ತು ಪಂಚಮಿ ಉಂಡಿ

ಹೃದಯದ ರಕ್ತನಾಳಕ್ಕೆ ಸ್ಟೆಂಟ್, ಅಂದರೆ ಕಟ್ಟಿಕೊಂಡ ನಾಳವನ್ನು ತೆರೆದಿಡುವ ಸಣ್ಣ ಜಾಳಿಗೆಯ ಕೊಳವೆ, ಹಾಕಿಸಿಕೊಂಡು ನನಗೆ ಈಗ ಒಂದು ವರ್ಷ ತುಂಬಿತು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಎರಡು ಮಾತ್ರೆಗಳಲ್ಲಿ ಒಂದನ್ನು ಡಾಕ್ಟರು ಹೋದ ವಾರ ನಿಲ್ಲಿಸಿದರು. ಇನ್ನು ಮುಂದೆ ಆಸ್ಪಿರಿನ್ ಒಂದೇ ಸಾಕಂತೆ. ಸ್ಟೆಂಟ್ ಹೇಗೆ ಹಾಕುತ್ತಾರೆ ಅಂತ ಹೇಳುವವರು ಊರ ತುಂಬ ಇದ್ದಾರೆ. ಹಾಕಿದ ಮೇಲೆ ಮನೆಯಲ್ಲಿ ಹೇಗೆ ಉಣ್ಣಬೇಕು, ಹಬ್ಬ ಬಂದರೆ ಏನು ಮಾಡಬೇಕು, ನಡುರಾತ್ರಿ ಹೆದರಿಕೆ ಆದರೆ ಯಾರನ್ನು ಕೇಳಬೇಕು, ಇದನ್ನು ಹೇಳುವವರು ಕಡಿಮೆ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ನನಗೆ ಕೊಟ್ಟ ಮಾತ್ರೆ, ನನಗೆ ಹೇಳಿದ ಅಳತೆ ನಿಮಗೂ ಹೊಂದುತ್ತದೆ ಅಂತ ತಿಳಿಯಬೇಡಿ.

ನನಗೆ 51 ವರ್ಷ. ಗದಗ-ಬೆಟಗೇರಿಯಲ್ಲಿ ಮನೆ. ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ನಮ್ಮ ಯಜಮಾನರು ಮಗ್ಗದ ಕೆಲಸ ಮಾಡುತ್ತಾರೆ. ಮನೆಯಲ್ಲಿ ಅತ್ತಿ ಇದ್ದಾರೆ. ಮಗಳು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದಾಳೆ. ನನಗೆ ಮೊದಲಿಂದ ಬಿಪಿ ಇತ್ತು, ಆಮೇಲೆ ಶುಗರ್ ಕೂಡ ಬಂತು. ನಮ್ಮಪ್ಪ 50 ದಾಟುವ ಮೊದಲೇ ಎದೆನೋವು ಬಂದು ತೀರಿಕೊಂಡವರು.

ಮಾರ್ಚ್ ತಿಂಗಳು, ಪರೀಕ್ಷೆಯ ಗಡಿಬಿಡಿ. ಶಾಲೆಯ ಮೆಟ್ಟಿಲು ಹತ್ತಿ ಮೇಲಿನ ಕ್ಲಾಸಿಗೆ ಹೋದರೆ ದವಡೆ ಎಳೆದ ಹಾಗೆ ಆಗುತ್ತಿತ್ತು. ಎಡ ಭುಜ ಭಾರ. ಸ್ವಲ್ಪ ಬೆವರು. ಖುರ್ಚಿಯಲ್ಲಿ ಕೂತರೆ ಎರಡು ಮೂರು ನಿಮಿಷದಲ್ಲಿ ಎಲ್ಲ ಸರಿ. ಎದೆ ಹಿಡಿದುಕೊಂಡು ಬೀಳುವಂಥ ನೋವು ಒಂದು ದಿನವೂ ಬರಲಿಲ್ಲ. ಮನೆ ಹತ್ತಿರದ ದವಾಖಾನೆಗೆ ಹೋದೆ. ಇಸಿಜಿ ತೆಗೆದರು, ಸರಿ ಇತ್ತು. ‘ಗ್ಯಾಸ್ ಆಗೇತಿ, ಬಿಸಿಲು ಭಾಳ ಐತಲ್ರೀ’ ಅಂದು ಮಾತ್ರೆ ಕೊಟ್ಟರು. ಮಾತ್ರೆ ಮುಗಿಯಿತು, ಮೆಟ್ಟಿಲು ಹತ್ತಿದರೆ ದವಡೆ ನೋವು ಮಾತ್ರ ಹಾಗೇ ಉಳಿಯಿತು.

ಹೆಣ್ಣುಮಕ್ಕಳು ಇದನ್ನು ಗಮನವಿಟ್ಟು ಓದಬೇಕು. ನಮಗೆ ಹೃದಯದ ತೊಂದರೆ ಬಂದಾಗ ಎದೆನೋವೇ ಬರಬೇಕು ಅಂತಿಲ್ಲ. ದವಡೆ, ಬೆನ್ನು, ಭುಜ, ಉಸಿರು ಕಟ್ಟುವುದು, ವಿಪರೀತ ಸುಸ್ತು, ಹೀಗೂ ಬರುತ್ತದೆ. ಸುಮ್ನೆ ಮಲಗಿದಾಗ ತೆಗೆದ ಇಸಿಜಿ ಸರಿ ಇದ್ದರೆ ಹೃದಯ ಸರಿ ಇದೆ ಅಂತ ಹೇಳಲು ಆಗುವುದಿಲ್ಲ. ನಡೆದರೆ ಬರುತ್ತದೆ, ಕೂತರೆ ಹೋಗುತ್ತದೆ ಅಂತಿದ್ದರೆ ಆ ಮಾತನ್ನು ಹಾಗೇ ಡಾಕ್ಟರಿಗೆ ಹೇಳಿ. ನನ್ನ ವಿಷಯದಲ್ಲಿ ಕೆಲಸ ಮಾಡಿದ್ದು ಆ ಒಂದು ಮಾತು. ಹುಬ್ಬಳ್ಳಿಯ ಹೃದಯದ ಡಾಕ್ಟರು ಅದನ್ನು ಕೇಳಿದ ತಕ್ಷಣ ಪೆನ್ನು ಕೆಳಗಿಟ್ಟರು. ‘ನಿಮ್ಮ ತಂದಿಯವರಿಗೆ ಎಷ್ಟ್ ವಯಸ್ಸಿಗೆ ಆಗಿತ್ರಿ?’ ಅಂತ ಕೇಳಿದರು.

ಎಕೋ, ಅಂದರೆ ಹೃದಯದ ಸ್ಕ್ಯಾನ್ ಮಾಡಿದರು. ಹೃದಯ ಪಂಪ್ ಮಾಡುವ ಶಕ್ತಿ ಚೆನ್ನಾಗಿಯೇ ಇತ್ತು. ಆಮೇಲೆ ಟಿಎಂಟಿ, ಅಂದರೆ ಓಡುವ ಪಟ್ಟಿಯ ಮೇಲೆ ನಡೆಸಿ ಇಸಿಜಿ ತೆಗೆಯುವುದು. ಪಟ್ಟಿಯ ವೇಗ ಹೆಚ್ಚಿಸಿದಾಗ ದವಡೆ ಹಿಡಿಯಿತು, ಅಲ್ಲಿದ್ದ ಸಿಸ್ಟರ್ ಕೂಡಲೇ ನಿಲ್ಲಿಸಿದರು. ಎರಡಕ್ಕೂ ಸೇರಿ 3,000 ರೂಪಾಯಿ ಹತ್ತಿರ ಆಯಿತು. ಟಿಎಂಟಿಗೆ ಸೀರೆ ಉಟ್ಟುಕೊಂಡು ಹೋಗಬೇಡಿ. ಚೂಡಿದಾರ, ಕಾಲಿಗೆ ಬಿಗಿಯಾಗಿ ಕೂರುವ ಚಪ್ಪಲಿ ಅಥವಾ ಶೂ ಇರಲಿ. ದಿನಾ ತಗೊಳ್ಳುವ ಬಿಪಿ ಮಾತ್ರೆಯನ್ನು ಅವತ್ತು ತಗೋಬೇಕೋ ಬೇಡವೋ ಅಂತ ಹಿಂದಿನ ದಿನವೇ ಫೋನ್ ಮಾಡಿ ಕೇಳಿ.

ಆಂಜಿಯೋಗ್ರಾಂ, ಅಂದರೆ ಹೃದಯದ ರಕ್ತನಾಳಕ್ಕೆ ಬಣ್ಣ ಬಿಟ್ಟು ಎಲ್ಲಿ ಕಟ್ಟಿದೆ ಅಂತ ನೋಡುವ ಪರೀಕ್ಷೆ, ಮಾಡಿಸಲೇಬೇಕು ಅಂದರು. ಅದಕ್ಕೆ ಮೊದಲು ಕಿಡ್ನಿ ಸರಿ ಇದೆಯಾ ಅಂತ ಕ್ರಿಯಾಟಿನಿನ್ ನೋಡುತ್ತಾರೆ, ಯಾಕೆಂದರೆ ರಕ್ತನಾಳ ಕಾಣಲು ಬಿಡುವ ಬಣ್ಣ ಕಿಡ್ನಿಯ ಮೂಲಕವೇ ಹೊರಗೆ ಹೋಗಬೇಕು. ನನಗೆ ಬಲಗೈ ಮಣಿಕಟ್ಟಿನಿಂದ ಮಾಡಿದರು. ಮಣಿಕಟ್ಟಿಗೆ ಒಂದು ಇಂಜೆಕ್ಷನ್, ಅಷ್ಟೇ ನೋವು. ಎಚ್ಚರವಾಗೇ ಇರುತ್ತೇವೆ. ಆ ಕೋಣೆ ಮಾತ್ರ ವಿಪರೀತ ತಣ್ಣಗೆ. ಪಕ್ಕದ ಪರದೆಯ ಮೇಲೆ ನನ್ನದೇ ಹೃದಯ ಬಡಿಯುವುದು ಕಾಣುತ್ತಿತ್ತು. ಕಪ್ಪು ಗೆರೆಗಳು ಟಿಸಿಲೊಡೆದು ಇಳಿಯುತ್ತಿದ್ದವು. ಒಂದು ಗೆರೆ ನಡುವೆ ಒಂದು ಕಡೆ ಕೂದಲಿನಷ್ಟು ಸಣ್ಣದಾಗಿ ಮತ್ತೆ ದಪ್ಪ ಆಗಿತ್ತು. ಯಾರೂ ಹೇಳಬೇಕಾಗಿರಲಿಲ್ಲ, ನನಗೇ ಕಂಡಿತು.

ಮುಂದಿನ ದೊಡ್ಡ ನಾಳದಲ್ಲಿ 90 ಪರ್ಸೆಂಟ್ ಬ್ಲಾಕ್. ಬಲಗಡೆಯ ನಾಳದಲ್ಲಿ 50 ಪರ್ಸೆಂಟ್. 90 ಇರುವ ಕಡೆ ಸ್ಟೆಂಟ್ ಹಾಕೋಣ, 50 ಅನ್ನು ಮಾತ್ರೆಯ ಮೇಲೆ ನೋಡಿಕೊಳ್ಳೋಣ ಅಂದರು.

‘ಆ ಐವತ್ತು ಮುಂದ ಏನಾಗ್ತೈತ್ರಿ ಸರ?’ ಅಂತ ಯಜಮಾನರು ಕೇಳಿದರು.

‘ಹಂಗ ಉಳೀಬಹುದು. ಬೆಳೀಬಹುದು. ನಾ ಖಾತ್ರಿ ಕೊಡಾಕ ಆಗಂಗಿಲ್ರಿ,’ ಅಂದರು ಡಾಕ್ಟರು.

ಆ ಡಾಕ್ಟರ ಮೇಲೆ ನನಗೆ ನಂಬಿಕೆ ಬಂದದ್ದು ಆ ಉತ್ತರದಿಂದ. ಆದರೆ ಆ ಉತ್ತರದ ಜೊತೆ ಬದುಕುವುದನ್ನು ಕಲಿಯಲು ಮುಂದೆ ಎಷ್ಟೋ ತಿಂಗಳು ಬೇಕಾದವು.

ಇನ್ನು ಕಾಗದಪತ್ರದ ಕಥೆ. ನಮ್ಮದು ಬಿಪಿಎಲ್ ಕಾರ್ಡ್. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜ್ ದರದ 30 ಪರ್ಸೆಂಟ್ ಮಾತ್ರ ಸರ್ಕಾರ ಕೊಡುತ್ತದೆ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ತುರ್ತು ಇದ್ದರೆ ಯೋಜನೆಯಲ್ಲಿರುವ ಆಸ್ಪತ್ರೆಗೆ ನೇರ ಹೋಗಬಹುದು. ನನ್ನಂತೆ ಮೊದಲೇ ದಿನ ಗೊತ್ತು ಮಾಡಿ ಹಾಕುವ ಸ್ಟೆಂಟ್ ಆದರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕು. ನಾವು ಗದಗದ ಜಿಮ್ಸ್‌ಗೆ ಹೋಗಿ ರಿಪೋರ್ಟ್ ತೋರಿಸಿದೆವು. ಬೆಳಗ್ಗೆ ಹೋದವರು ಚೀಟಿ ಕೈಗೆ ಬಂದಾಗ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು. ಆದರೂ ಅಲ್ಲಿದ್ದವರು ಆಂಜಿಯೋ ಸಿಡಿ ಹಾಕಿಸಿ, ನೋಡಿ, ನನ್ನನ್ನು ಕೂರಿಸಿ ಮಾತಾಡಿಯೇ ಬರೆದುಕೊಟ್ಟರು.

ಅಡ್ಡಿ ಬಂದದ್ದು ಹೆಸರಿನಲ್ಲಿ. ರೇಷನ್ ಕಾರ್ಡಿನಲ್ಲಿ ನನ್ನ ಹೆಸರಿನ ಮುಂದೆ ಗಂಡನ ಮನೆಯ ಅಡ್ಡಹೆಸರು. ಆಧಾರ್‌ನಲ್ಲಿ ತವರಿನದು. ಕಂಪ್ಯೂಟರ್ ಎರಡನ್ನೂ ಕೂಡಿಸಲು ಒಪ್ಪಲಿಲ್ಲ. ಎದೆಯಲ್ಲಿ 90 ಪರ್ಸೆಂಟ್ ಇಟ್ಟುಕೊಂಡು ಆಧಾರ್ ಕೇಂದ್ರದ ಸಾಲಿನಲ್ಲಿ ನಿಲ್ಲುವುದು ಎಂಥ ಸಂಕಟ ಅಂತ ಅನುಭವಿಸಿದವರಿಗೇ ಗೊತ್ತು. ತಿದ್ದುಪಡಿ ಆಗಿ ಬರುವಷ್ಟರಲ್ಲಿ ಮೇ ಮುಗಿದು ಶಾಲೆ ಶುರುವಾಗಿತ್ತು. ಆ ವಾರಗಳಲ್ಲಿ ಮಾತ್ರೆ ನಡೆಯುತ್ತಿತ್ತು. ಕೂತಲ್ಲೇ ನೋವು ಬಂದರೆ ಚೀಟಿಗೀಟಿ ನೋಡದೆ ತಕ್ಷಣ ಬಂದುಬಿಡಿ ಅಂತ ಡಾಕ್ಟರು ಹೇಳಿಟ್ಟಿದ್ದರು.

ನಿಮ್ಮ ಮನೆಯಲ್ಲಿ ಎಲ್ಲರೂ ಆರಾಮ ಇರುವಾಗಲೇ ಒಮ್ಮೆ ರೇಷನ್ ಕಾರ್ಡು, ಆಧಾರ್ ಎರಡನ್ನೂ ಪಕ್ಕಪಕ್ಕ ಇಟ್ಟು ಹೆಸರು ಓದಿ. ಮದುವೆಯಾಗಿ ಬಂದ ಹೆಣ್ಣುಮಕ್ಕಳದ್ದು ಮೊದಲು ನೋಡಿ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಸಲ ಅವಕಾಶ, ಹಾಗಾಗಿ ಯಾವ ಹೆಸರು ಬೇಕು ಅಂತ ವಿಚಾರ ಮಾಡಿಯೇ ಹೋಗಿ. ಹುಬ್ಬಳ್ಳಿ ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಅಂತ ಒಬ್ಬರು ಕೂತಿರುತ್ತಾರೆ. ರೆಫರಲ್, ಕಾರ್ಡು, ಆಂಜಿಯೋ ಸಿಡಿ, ರಿಪೋರ್ಟು ಎಲ್ಲ ಅವರ ಕೈಗೆ ಕೊಟ್ಟರೆ ಮಂಜೂರಾತಿಗೆ ಕಳಿಸುತ್ತಾರೆ. ಎಲ್ಲದರ ಜೆರಾಕ್ಸ್ ನಾಲ್ಕೈದು ಸೆಟ್ ಮಾಡಿಸಿ. ಸಿಡಿಯ ಮೂಲ ಪ್ರತಿ ಯಾರಿಗೂ ಬಿಟ್ಟುಕೊಡಬೇಡಿ, ಕಾಪಿ ಮಾಡಿಸಿ ಕೊಡಿ. ಸ್ಟೆಂಟ್ ಹಾಕಿದ್ದು ಯೋಜನೆಯಲ್ಲೇ ಆಯಿತು. ಅದಕ್ಕೆ ಮೊದಲಿನ ಟೆಸ್ಟು, ಆಂಜಿಯೋಗ್ರಾಂ, ಓಡಾಟ, ಊಟ, ಜೊತೆಗಿದ್ದವರ ಖರ್ಚು ಸೇರಿ ನಮ್ಮ ಕೈಯಿಂದ 25,000ದ ಹತ್ತಿರ ಹೋಯಿತು. ಯೋಜನೆ ಇಲ್ಲದೆ ದುಡ್ಡು ಕಟ್ಟುವವರಿಗೆ ಒಂದು ಮಾತು: 2017ರ ಫೆಬ್ರವರಿಯಿಂದ ಸ್ಟೆಂಟ್ ಬೆಲೆಗೆ ಸರ್ಕಾರದ ಮಿತಿ ಇದೆ. ಬಿಲ್ಲಿನಲ್ಲಿ ಸ್ಟೆಂಟಿನ ಹೆಸರು, ಬೆಲೆ ಬೇರೆಯಾಗಿ ಬರೆದು ಕೊಡಿ ಅಂತ ಕೇಳುವ ಹಕ್ಕು ನಿಮಗಿದೆ.

ಸ್ಟೆಂಟ್ ಹಾಕುವುದು ಬೇಗ ಮುಗಿಯಿತು. ಅದೇ ಮಣಿಕಟ್ಟು, ಅದೇ ತಣ್ಣನೆ ಕೋಣೆ. ನಾಳದೊಳಗೆ ಬಲೂನು ಉಬ್ಬಿಸಿದಾಗ ಸ್ವಲ್ಪ ಹೊತ್ತು ಎದೆ ಒತ್ತಿದಂತಾಯಿತು. ಬೇಗ ಮನೆಗೆ ಕಳಿಸಿದರು. ಡಿಸ್ಚಾರ್ಜ್ ಕಾಗದದ ಜೊತೆ ಸ್ಟೆಂಟಿನ ಕಂಪನಿ, ಅಳತೆ, ತಾರೀಖು ಇರುವ ಸಣ್ಣ ಕಾರ್ಡ್ ಕೊಟ್ಟರು. ಅದನ್ನು ಈಗಲೂ ಪರ್ಸಿನಲ್ಲೇ ಇಟ್ಟುಕೊಂಡಿದ್ದೇನೆ.

ಮನೆಗೆ ಬಂದ ಮೇಲೆ ನಿಜವಾದ ಕಷ್ಟ ಶುರುವಾಯಿತು.

ನೋಡಲು ಬಂದವರೆಲ್ಲ ಒಂದೊಂದು ನಿಯಮ ಬಿಟ್ಟು ಹೋದರು. ಎಣ್ಣೆ ಮುಟ್ಟಬೇಡ. ಶೇಂಗಾ ಬೇಡ. ಹಾಲು ಬೇಡ. ಬೆಣ್ಣೆಯ ಹೆಸರೇ ಎತ್ತಬೇಡ. ಮೆಟ್ಟಿಲು ಹತ್ತಬೇಡ, ಜೋರಾಗಿ ನಗಬೇಡ. ಅತ್ತಿ ಪಾಪ, ಪ್ರೀತಿಯಿಂದಲೇ ನನಗೊಂದು ಬೇರೆ ಪಾತ್ರೆ ಇಟ್ಟು ಉಪ್ಪು, ಎಣ್ಣೆ ಇಲ್ಲದೆ ಬೇಯಿಸಿದ ಪಲ್ಯ ಹಾಕುತ್ತಿದ್ದರು. ಎಲ್ಲರೂ ಕೂತು ಉಣ್ಣುವಾಗ ನನ್ನ ತಾಟು ಬೇರೆ. ಊಟ ಸೇರದೆ ಅರ್ಧಕ್ಕೇ ಏಳುತ್ತಿದ್ದೆ. ತೂಕ ಇಳಿಯಿತು, ಎಲ್ಲರೂ ಒಳ್ಳೇದಾಯ್ತು ಅಂದರು. ರಾತ್ರಿ ಮಾತ್ರ ಬೆರಳು ಮಣಿಕಟ್ಟಿನ ಮೇಲೆ ಇಟ್ಟುಕೊಂಡು ನಾಡಿ ಎಣಿಸುತ್ತ ಮಲಗುತ್ತಿದ್ದೆ. ಎದೆಯಲ್ಲಿ ಸಣ್ಣಗೆ ಚುಚ್ಚಿದರೂ ಆ ಐವತ್ತು ಈಗ ತೊಂಬತ್ತಾಯಿತೇನೋ ಅನ್ನಿಸುತ್ತಿತ್ತು. ಅಣ್ಣನ ಮಗಳ ಕುಬಸಕ್ಕೂ (ಸೀಮಂತಕ್ಕೂ) ಹೋಗಲಿಲ್ಲ. ಮುಂಡರಗಿವರೆಗೆ ಬಸ್ಸಿನಲ್ಲಿ ಹೋಗುವಾಗ ದಾರಿಯಲ್ಲಿ ಏನಾದರೂ ಆದರೆ ಅಂತ ಭಯ.

ಇನ್ನೊಂದು ಕಡೆ ಬೇರೆ ಮಾತು. ನಮ್ಮ ದೊಡ್ಡಕಾಕಾ ದಿನಾ ಬೆಣ್ಣೆ ಉಂಡು, ಬೀಡಿ ಸೇದಿ 88 ವರ್ಷ ಬದುಕಿದರು. ಪಕ್ಕದ ಓಣಿಯವರೊಬ್ಬರು ಚಹಾ ಕೂಡ ಕುಡಿಯದವರು, ದಿನಾ ವಾಕಿಂಗ್ ಹೋಗುವವರು, 46ಕ್ಕೇ ಹೋದರು. ‘ಹಣೇಬರಹದಾಗ ಇದ್ದಂಗ ಆಗ್ತೈತಿ, ತಿಂದು ಆರಾಮ ಇರವಾ’ ಅಂತ ಹೇಳುವವರೂ ಬಂದರು. ಎರಡೂ ಕಡೆಯ ಮಾತು ಕೇಳಿ ಕೇಳಿ ತಲೆ ಕೆಟ್ಟು ಹೋಯಿತು. ಇಷ್ಟೆಲ್ಲ ಪಥ್ಯ ಮಾಡಿಯೂ ಗ್ಯಾರಂಟಿ ಇಲ್ಲ ಅಂದರೆ ಯಾಕೆ ಮಾಡಬೇಕು? ಮಾಡದೆ ಬಿಟ್ಟು ನಾಳೆ ಏನಾದರೂ ಆದರೆ?

ಮುಂದಿನ ತಪಾಸಣೆಗೆ ಹೋದಾಗ ಈ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದೆ. ನೀವೂ ಹಾಗೇ ಮಾಡಿ, ಒಳಗೆ ಹೋದ ಮೇಲೆ ಎಲ್ಲ ಮರೆತುಹೋಗುತ್ತದೆ. ಹೊರಗೆ ಜನ ಕಾಯುತ್ತಿದ್ದರೂ ಡಾಕ್ಟರು ಹಾಳೆ ಪೂರ್ತಿ ಓದಿದರು. ಕಾಕಾನ ಮಾತಿಗೆ ನಕ್ಕರು. ‘ನಿಮ್ಮ ಕಾಕಾರು ದಿನಾ ಹೊಲಕ್ಕ ಎಷ್ಟ್ ದೂರ ನಡೀತಿದ್ರು?’ ಅಂದರು. ಒಬ್ಬರ ಆಯುಷ್ಯ ನೋಡಿ ಇನ್ನೊಬ್ಬರ ಲೆಕ್ಕ ಹಾಕಲು ಬರುವುದಿಲ್ಲ, ಸಾವಿರಾರು ಜನರನ್ನು ಒಟ್ಟಿಗೆ ನೋಡಿದಾಗಲೇ ಯಾವುದರಿಂದ ಅಪಾಯ ಕಡಿಮೆ ಆಗುತ್ತದೆ ಅಂತ ಗೊತ್ತಾಗುವುದು ಅಂದರು. ಆಗಲೇ ಇನ್ನೊಂದು ವಿಷಯ ಹೇಳಿದರು. ನನ್ನಂತೆ ನಡೆದಾಗ ಮಾತ್ರ ನೋವು ಬರುವ 5,000ಕ್ಕೂ ಹೆಚ್ಚು ಜನರ ಮೇಲೆ ಮಾಡಿದ ಇಸ್ಕೀಮಿಯಾ ಎಂಬ ದೊಡ್ಡ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿಕೊಂಡವರಿಗೆ ನೋವು ಚೆನ್ನಾಗಿ ಕಡಿಮೆಯಾಯಿತು. ಆದರೆ ಹಾರ್ಟ್ ಅಟ್ಯಾಕು, ಸಾವು ತಪ್ಪಿಸುವುದರಲ್ಲಿ, ಬರೀ ಮಾತ್ರೆ ಮತ್ತು ಜೀವನಕ್ರಮದ ಮೇಲೆ ಇದ್ದವರಿಗಿಂತ ಮೇಲು ಅಂತ ಕಾಣಲಿಲ್ಲ. ಎಡಗಡೆಯ ಮುಖ್ಯ ನಾಳದಲ್ಲೇ ಬ್ಲಾಕ್ ಇದ್ದವರನ್ನು, ಅಟ್ಯಾಕ್ ಆಗಿಯೇ ಬಂದವರನ್ನು ಅದರಲ್ಲಿ ಸೇರಿಸಿರಲಿಲ್ಲ, ಅವರ ಲೆಕ್ಕ ಬೇರೆ.

ಅಂದರೆ ಸ್ಟೆಂಟ್ ನನ್ನ ದವಡೆ ನೋವು ತೆಗೆಯಿತು. ಮುಂದಿನ ದಿನಗಳನ್ನು ಕಾಯುವುದು ಮಾತ್ರೆ, ನಡಿಗೆ, ದಿನದ ಊಟ. ಮಾತ್ರೆಯಲ್ಲಿ ಒಂದು ದಿನವೂ ರಿಯಾಯಿತಿ ಇಲ್ಲ ಅಂತ ಖಡಕ್ಕಾಗಿ ಹೇಳಿದರು. ಮೊದಲ ತಿಂಗಳುಗಳಲ್ಲಿ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ತಪ್ಪಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು. ಹಲ್ಲು ಕೀಳಿಸುವುದಿದ್ದರೂ ಹೃದಯದ ಡಾಕ್ಟರನ್ನು ಕೇಳದೆ ಈ ಮಾತ್ರೆ ನಿಲ್ಲಿಸಬಾರದು. ಮಂಡಿನೋವಿಗೆ ಅಂತ ಅಂಗಡಿಯಿಂದ ನಾವೇ ಮಾತ್ರೆ ತರಬಾರದು. ಗ್ಯಾಸ್‌ಗೆ ಅಂತ ಓಮೆಪ್ರಜೋಲ್ ಕೂಡ ನಾವೇ ತಗೋಬಾರದು, ಅದು ಕ್ಲೋಪಿಡೋಗ್ರೆಲ್ ಕೆಲಸಕ್ಕೆ ಅಡ್ಡಬರುತ್ತದೆ. ಮಾತ್ರೆಗೆ ಮೊದಲು ತಿಂಗಳಿಗೆ 1,500 ರೂಪಾಯಿ ಹತ್ತಿರ ಆಗುತ್ತಿತ್ತು. ಡಾಕ್ಟರನ್ನು ಕೇಳಿ, ಚೀಟಿಯಲ್ಲಿ ಔಷಧದ ಮೂಲ ಹೆಸರು ಬರೆಸಿಕೊಂಡು ಜನೌಷಧಿ ಕೇಂದ್ರಕ್ಕೆ ಹೋದ ಮೇಲೆ ಮೂರರಲ್ಲಿ ಒಂದು ಪಾಲಿಗೆ ಇಳಿಯಿತು.

ಊಟದ ಪ್ರಶ್ನೆಗೆ ಅಲ್ಲಿನ ಡಯಟಿಷಿಯನ್ ಹತ್ತಿರ ಕಳಿಸಿದರು. ಧಾರವಾಡದ ಕಡೆಯ ಹುಡುಗಿ. ಏನು ತಿನ್ನಬಾರದು ಅಂತ ಶುರುಮಾಡಲೇ ಇಲ್ಲ. ‘ಅಕ್ಕಾರ, ಕಾಯಿಲೆ ಬರೋಕಿಂತ ಮೊದಲ ದಿನಾ ಏನೇನ್ ತಿಂತಿದ್ರಿ, ಮುಂಜಾನಿಯಿಂದ ಹೇಳ್ರಿ’ ಅಂದಳು. ಹೇಳುತ್ತ ಹೋದೆ. ಬಿಳಿಜೋಳದ ರೊಟ್ಟಿ, ಮಡಿಕಿಕಾಳು ಪಲ್ಯ, ಮೆಂತ್ಯೆಪಲ್ಯ ಹಸಿದು, ಶೇಂಗಾ ಹಿಂಡಿ, ಮೊಸರು. ‘ಇದರಾಗ ತಪ್ಪೇನೈತ್ರಿ? ಇಷ್ಟ ಚಲೋ ಊಟ ಬಿಟ್ಟು ಓಟ್ಸ್ ಯಾಕ ತಿಂತೀರಿ?’ ಅಂತ ಅವಳೇ ಕೇಳಿದಳು. ಶೇಂಗಾದಲ್ಲಿರುವ ಕೊಬ್ಬು ಹೃದಯಕ್ಕೆ ಕೆಟ್ಟದ್ದಲ್ಲ, ಒಂದು ಹಿಡಿಗಿಂತ ಜಾಸ್ತಿ ಆಗಬಾರದು ಅಷ್ಟೇ. ಹಿಂಡಿಯಲ್ಲಿ ಉಪ್ಪು ಕಡಿಮೆ ಹಾಕಿ ಅಂದಳು. ಆಮೇಲೆ ಮೆಲ್ಲಗೆ ಬೇರೆ ಕಡೆ ಬಂದಳು. ಶಾಲೆಯ ಸ್ಟಾಫ್ ರೂಮಿನಲ್ಲಿ ದಿನಕ್ಕೆ ಎಷ್ಟು ಕಪ್ ಚಹಾ? ಒಂದೊಂದಕ್ಕೆ ಎಷ್ಟು ಸಕ್ಕರೆ? ಜೊತೆಗೆ ಬಿಸ್ಕೀಟು, ಖಾರಿ? ಊಟಕ್ಕೆ ದಿನಾ ಉಪ್ಪಿನಕಾಯಿ? ಸಂಜೆ ಹಪ್ಪಳ, ಸಂಡಿಗೆ? ಮನೆಗೆ ತಿಂಗಳಿಗೆ ಎಷ್ಟು ಎಣ್ಣೆ?

ಕೂಡಿಸಿ ನೋಡಿದರೆ ತೊಂದರೆ ಇದ್ದದ್ದು ಹಬ್ಬದಲ್ಲಲ್ಲ. ರುಚಿಗೂ ಅಲ್ಲ, ಹಸಿವಿಗೂ ಅಲ್ಲ, ಸುಮ್ನೆ ರೂಢಿಗೆ ಒಳಗೆ ಹೋಗುವ ಆ ಸಿಹಿ ಚಹಾ, ಆ ಬಿಸ್ಕೀಟು, ಆ ಉಪ್ಪಿನಕಾಯಿ. ಇದು ನನಗೆ ಆಗ ಸಿಕ್ಕ ದೊಡ್ಡ ಬಿಡುಗಡೆ. ದಿನಾ ಮಾಡುವುದರಲ್ಲಿ ಬಿಗಿ ಇರೋಣ, ಅಪರೂಪಕ್ಕೆ ಬರುವುದನ್ನು ಮನಸ್ಸು ತುಂಬಿ ತಿನ್ನೋಣ ಅಂತ ಅವತ್ತೇ ನಾನು, ಯಜಮಾನರು ಮಾತಾಡಿಕೊಂಡೆವು. ಸಕ್ಕರೆ ಇಲ್ಲದ ಚಹಾ ಮೊದಲೆಲ್ಲ ಕಷಾಯ ಅನ್ನಿಸಿತು, ಈಗ ಸಿಹಿ ಚಹಾ ಕೊಟ್ಟರೆ ಸೇರುವುದಿಲ್ಲ. ಉಪ್ಪು ಇಡೀ ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಸಣ್ಣ ಚಮಚ. ಎಣ್ಣೆ ತಿಂಗಳಿಗೆ ಒಬ್ಬರಿಗೆ ಅರ್ಧ ಲೀಟರ್ ಅಂತ ಲೆಕ್ಕ ಹಾಕಿ ಒಂದೇ ಡಬ್ಬಿಗೆ ಸುರಿದಿಡುತ್ತೇವೆ. ಮನೆ ಮಂದಿಗೆಲ್ಲ ಒಂದೇ ಅಡುಗೆ. ನನ್ನ ಬೇರೆ ಪಾತ್ರೆ ಕಪಾಟು ಸೇರಿತು. ಯಜಮಾನರು ಬೀಡಿಯನ್ನು ಮನೆಯೊಳಗೆ ಸೇದುವುದನ್ನು ಮೊದಲು ಬಿಟ್ಟರು, ದೀಪಾವಳಿ ಹೊತ್ತಿಗೆ ಪೂರ್ತಿಯೇ ಬಿಟ್ಟರು. ನನ್ನ ಪಥ್ಯಕ್ಕಿಂತ ಅದು ದೊಡ್ಡ ಕೆಲಸ ಅಂತ ನನಗೆ ಮನಸಾರೆ ಅನ್ನಿಸುತ್ತದೆ.

ಅಷ್ಟರಲ್ಲಿ ನಾಗಪಂಚಮಿ ಬಂತು. ನಮ್ಮ ಕಡೆ ಪಂಚಮಿ ಅಂದರೆ ಉಂಡಿ. ಶೇಂಗಾ ಉಂಡಿ, ಎಳ್ಳುಂಡಿ, ಲಡಕಿ ಉಂಡಿ, ಅಳ್ಳಿಟ್ಟು. ತವರಿನಿಂದ ವೈನಿ, ಅಂದರೆ ಅಣ್ಣನ ಹೆಂಡತಿ, ಡಬ್ಬಿ ತುಂಬಿ ತಂದಳು. ಕೊಡಲೋ ಬೇಡವೋ ಅಂತ ಬಾಗಿಲಲ್ಲೇ ನಿಂತಿದ್ದಳು. ನಾನೇ ಡಬ್ಬಿ ಇಸಿದುಕೊಂಡೆ. ಅವತ್ತು ಒಂದು ಶೇಂಗಾ ಉಂಡಿ ತಗೊಂಡು, ಅರ್ಧ ಮಾಡಿ, ಜೋಕಾಲಿ ಹತ್ತಿರ ಕೂತು ನಿಧಾನ ತಿಂದೆ. ಬೆಲ್ಲದ ಪಾಕ ಸರಿಯಾಗಿ ಬಂದಿತ್ತು, ಕಡಿದರೆ ಪುಡಿಯಾಗದೆ ಗಟ್ಟಿಯಾಗಿ ಮುರಿಯುತ್ತಿತ್ತು. ಏಲಕ್ಕಿ ಸ್ವಲ್ಪ ಜಾಸ್ತಿಯೇ ಹಾಕಿದ್ದಳು ವೈನಿ. ಅಷ್ಟು ಗಮನ ಕೊಟ್ಟು ನಾನು ಹಿಂದೆ ಉಂಡಿ ತಿಂದದ್ದು ನೆನಪಿಲ್ಲ. ಇನ್ನರ್ಧ ಮಾರನೇ ದಿನ. ಅವತ್ತು ಅನ್ನ ಬಿಟ್ಟು ಒಂದು ರೊಟ್ಟಿ ಉಂಡೆ. ಶುಗರ್ ಇದ್ದವರು ಬೆಲ್ಲ ಅಂದರೆ ಪರವಾಗಿಲ್ಲ ಅಂದುಕೊಳ್ಳಬೇಡಿ, ಸಕ್ಕರೆ ಏರಿಸುವುದರಲ್ಲಿ ಎರಡೂ ಒಂದೇ.

ಬೇರೆಯದೂ ಹೀಗೇ ಹೊಂದಿಕೊಂಡವು. ಗಿರ್ಮಿಟ್‌ನಲ್ಲಿ ಚುರುಮುರಿ, ಉಳ್ಳಾಗಡ್ಡಿ, ಪುಟಾಣಿ ಹಿಟ್ಟು, ಅದರಲ್ಲಿ ಹೆದರುವಂಥದ್ದೇನಿಲ್ಲ. ಜೊತೆಗೆ ಬರುವ ಮಿರ್ಚಿ ಮಾತ್ರ ಬೇಡ ಅನ್ನುತ್ತೇನೆ. ನಮ್ಮ ಗದಗಿನ ಬದನೆಕಾಯಿ ಬಜಿ ಬಿಡಲು ಮನಸ್ಸು ಬರಲಿಲ್ಲ. ಹೊರಗಿನದು ಮತ್ತೆ ಮತ್ತೆ ಕಾಯಿಸಿದ ಎಣ್ಣೆಯದು, ಅದು ಬೇಡ. ಮನೆಯಲ್ಲೇ ಹೊಸ ಎಣ್ಣೆಯಲ್ಲಿ, ಮಗಳು ಊರಿಗೆ ಬಂದಾಗ ಮಾಡುತ್ತೇವೆ. ಅವಳು ಧಾರವಾಡದಿಂದ ಫೇಡೆ ತಂದರೆ ಒಂದು ನನಗೆ.

ಭಯದ ವಿಷಯ ಇಷ್ಟು ಸುಲಭಕ್ಕೆ ಹೋಗಲಿಲ್ಲ. ಊಟ ಸರಿಹೋದ ಮೇಲೂ ರಾತ್ರಿ ನಾಡಿ ಎಣಿಸುವುದು ನಡೆದೇ ಇತ್ತು. ಹೃದಯದ ಕಾಯಿಲೆ ಆದ ಮೇಲೆ ಖಿನ್ನತೆ, ಆತಂಕ ಬರುವುದು ಸಾಮಾನ್ಯ, ಅದಕ್ಕೂ ಚಿಕಿತ್ಸೆ ಇದೆ ಅಂತ ಡಾಕ್ಟರೇ ಹೇಳಿದರು. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಒಂದು ರಾತ್ರಿ ಅಡುಗೆಮನೆಯಲ್ಲಿ ಕೂತು ಫೋನ್ ಮಾಡಿದೆ. ಆ ಕಡೆಯ ಹೆಣ್ಣುಮಗಳು ಪೂರ್ತಿ ಕೇಳಿಸಿಕೊಂಡರು. ಹೆಚ್ಚಿನ ಸಹಾಯ ಬೇಕಾದರೆ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆಗೆ ಹೋಗಬಹುದು ಅಂತ ಹೇಳಿದರು. ನನಗೆ ಅಲ್ಲಿವರೆಗೆ ಹೋಗುವ ಪ್ರಸಂಗ ಬರಲಿಲ್ಲ, ಬಂದಿದ್ದರೆ ಖಂಡಿತ ಹೋಗುತ್ತಿದ್ದೆ.

ಭಯ ನಿಜವಾಗಿ ಇಳಿದದ್ದು ಏನಾದರೂ ಆದರೆ ಏನು ಮಾಡಬೇಕು ಅಂತ ಗೋಡೆಗೆ ಬರೆದು ಅಂಟಿಸಿದ ಮೇಲೆ. ನೋವು ಬಂದರೆ ಮೊದಲು ಕೂರಬೇಕು. ನಾಲಿಗೆ ಕೆಳಗೆ ಇಡುವ ಮಾತ್ರೆ ಕೂತೇ ತಗೋಬೇಕು, ನಿಂತು ತಗೊಂಡರೆ ಬಿಪಿ ಇಳಿದು ಬೀಳಬಹುದು. ಐದು ನಿಮಿಷದಲ್ಲಿ ಕಡಿಮೆ ಆಗದಿದ್ದರೆ 108. ಕಾಯುತ್ತ ಕೂರುವುದು, ಬೈಕಿನ ಹಿಂದೆ ಕೂತು ಹೋಗುವುದು ಇಲ್ಲವೇ ಇಲ್ಲ. ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಇಸಿಜಿ ತೆಗೆದು, ಅಟ್ಯಾಕ್ ಇದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಅಂದರೆ ಬಸ್ಸಿನಲ್ಲಿ ಮುಂಡರಗಿಗೆ ಹೋಗುವಾಗ ಏನಾದರೂ ಆದರೆ ಹುಬ್ಬಳ್ಳಿವರೆಗೆ ಬರುವ ತನಕ ಏನೂ ಸಿಗದು ಅಂತಲ್ಲ. ಇದು ತಿಳಿದ ಮೇಲೆ ನನಗೆ ಪ್ರಯಾಣದ ಧೈರ್ಯ ಬಂತು.

ನಡಿಗೆಗೆ ಮುಂಜಾನೆ ಭೀಷ್ಮಕೆರೆ. ಮಾತಾಡುತ್ತ ನಡೆಯಲು ಬರಬೇಕು, ಹಾಡುವಷ್ಟು ಉಸಿರು ಉಳಿಯಬಾರದು, ಅದು ಸರಿಯಾದ ವೇಗ ಅಂತ ಡಾಕ್ಟರು ಹೇಳಿಕೊಟ್ಟರು. ವಾರಕ್ಕೆ 150 ನಿಮಿಷ ಆಗಬೇಕು. ಶುರುವಿನಲ್ಲಿ ಬಹಳ ಕಡಿಮೆಯೇ ನಡೆಯುತ್ತಿದ್ದೆ, ಏರಿಸುತ್ತ ಬಂದೆ. ಅಲ್ಲಿ ಪರಿಚಯವಾದ ಮೂರ್ನಾಲ್ಕು ಹೆಣ್ಣುಮಕ್ಕಳು ಈಗ ನನ್ನ ಗೆಳತಿಯರು. ಮಳೆಗಾಲದಲ್ಲೂ ಕೊಡೆ ಹಿಡಿದು ಹೋಗಿದ್ದೇವೆ, ನಡಿಗೆಗಿಂತ ಹೆಚ್ಚಾಗಿ ಅವರ ಮಾತಿನ ಆಸೆಗೆ.

ಡಂಬಳದ ರೊಟ್ಟಿ ಜಾತ್ರೆಗೆ ಹೋಗುವ ಹೊತ್ತಿಗೆ ಚಳಿಗಾಲ. ತೋಂಟದಾರ್ಯ ಮಠದ ಆ ಜಾತ್ರೆಯಲ್ಲಿ ಜಾತಿ ಮತ ನೋಡದೆ ಸಾವಿರಾರು ಜನ ಕೂತು ಕಡಕ್ ರೊಟ್ಟಿ, ಪಲ್ಯ, ಅಗಸಿ ಚಟ್ನಿ, ಕರಿಂಡಿ ಉಣ್ಣುತ್ತಾರೆ. ವೈನಿ, ನಾನು, ಕುಬಸದ ಹುಡುಗಿ ತನ್ನ ಕೂಸು ಎತ್ತಿಕೊಂಡು, ಎಲ್ಲರೂ ಹೋದೆವು. ಕರಿಂಡಿಯಲ್ಲಿ ಉಪ್ಪು ಜಾಸ್ತಿ, ನಾಲಿಗೆಗೆ ತಾಗಿಸುವಷ್ಟು ಹಾಕಿಸಿಕೊಂಡೆ. ರೊಟ್ಟಿ, ಪಲ್ಯಕ್ಕೆ ಲೆಕ್ಕ ಇಡಲಿಲ್ಲ. ಕೂಸು ನನ್ನ ತೊಡೆಯ ಮೇಲೆ ಕೂತು ರೊಟ್ಟಿ ಚೂರು ಚೀಪುತ್ತಿತ್ತು. ಆ ಹೊತ್ತು ಐವತ್ತರ ನೆನಪು ಬರಲಿಲ್ಲ. ಸಂಜೆ ಬಸ್ಸಿನಲ್ಲಿ ಬಂತು, ಬಂದು ಹೋಯಿತು.

ಈಗ ಅಂಕಿ ಹೇಳುತ್ತೇನೆ, ಯಾಕೆಂದರೆ ನನಗೆ ಬೇರೆಯವರ ಅಂಕಿ ಓದಿ ಧೈರ್ಯ ಬಂದಿತ್ತು. ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್, ಮೊದಲು 142 ಇತ್ತು. ಸ್ಟ್ಯಾಟಿನ್ ಮಾತ್ರೆ, ಊಟ, ನಡಿಗೆ ಸೇರಿ 68ಕ್ಕೆ ಬಂತು. ನನ್ನಂಥವರಿಗೆ 55ರ ಕೆಳಗೆ ಇರಬೇಕಂತೆ, ಅದಕ್ಕೆ ಎಜೆಟಿಮೈಬ್ ಅಂತ ಇನ್ನೊಂದು ಮಾತ್ರೆ ಸೇರಿಸಿದರು. ಮೂರು ತಿಂಗಳ ಸರಾಸರಿ ಶುಗರ್ 8.1 ಇದ್ದದ್ದು 6.9. ಪಂಚಮಿ, ದೀಪಾವಳಿ, ಎಳ್ಳಮವಾಸ್ಯೆ ಎಲ್ಲ ಮಾಡಿಯೂ ಇಷ್ಟು ಬಂದದ್ದಕ್ಕೆ ನನಗೆ ತುಂಬಾ ಸಂತೋಷ. ಪಥ್ಯವನ್ನು ಸರಿಯಾಗಿ ಮಾಡಿಯೂ ಅಂಕಿ ಇಳಿಯದವರು ಇರುತ್ತಾರೆ. ಅದು ಮಾತ್ರೆ ಬದಲಿಸುವ ವಿಷಯ, ನೀವು ಉಂಡಿ ತಿಂದ ಪಾಪಕ್ಕೆ ಬಂದ ಶಿಕ್ಷೆಯಲ್ಲ. ಮನೆಯವರೂ ಇದನ್ನು ತಿಳಿದುಕೊಳ್ಳಬೇಕು.

ಬಲಗಡೆಯ ನಾಳ ಈಗ ಐವತ್ತರಲ್ಲೇ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನೋವು ಇಲ್ಲದೆ ಸುಮ್ನೆ ನೋಡಲು ಅಂತ ಆಂಜಿಯೋ ಮಾಡುವುದಿಲ್ಲ ಅಂದರು ಡಾಕ್ಟರು. ಹೋದ ವಾರ ಮತ್ತೆ ಕೇಳಿದೆ, ಮತ್ತೆ ಖಾತ್ರಿ ಕೊಡಲಿಲ್ಲ. ಹೊಸ ಚೀಟಿ ಬರೆದುಕೊಟ್ಟರು. ಎಲ್‌ಡಿಎಲ್ ಇನ್ನೊಮ್ಮೆ ನೋಡಬೇಕು. ಅಪ್ಪನಿಗೆ ಚಿಕ್ಕ ವಯಸ್ಸಿನಲ್ಲೇ ಆಗಿದ್ದರಿಂದ ಅಣ್ಣನೂ ತೋರಿಸಿಕೊಳ್ಳಬೇಕು ಅಂದರು. ಅವನು ಒಪ್ಪಿಕೊಂಡಿದ್ದಾನೆ. ಬರುವ ತಿಂಗಳು ಇಬ್ಬರೂ ಒಟ್ಟಿಗೆ ಮುಂಜಾನೆಯ ರೈಲಿಗೆ ಹುಬ್ಬಳ್ಳಿಗೆ ಹೋಗುತ್ತೇವೆ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು, ಆಮೇಲೆ ತಿನ್ನಲು ವೈನಿ ರೊಟ್ಟಿ, ಹಿಂಡಿ ಕಟ್ಟಿಕೊಡುತ್ತಾಳಂತೆ.